ಕ್ರಿಮಿನಲ್ ಜಸ್ಟಿಸ್ ಸ್ನಾತಕೋತ್ತರ ಪದವಿ: ಫೀಸು ಕಟ್ಟುವ ಮುನ್ನ ಇಷ್ಟು ತಿಳಿದಿರಲಿ

ಗಲ್ಫ್‌ನಲ್ಲಿ ಸೆಕ್ಯುರಿಟಿ ಕೆಲಸ ಮಾಡುವ ನಮ್ಮವರಲ್ಲಿ ಡಿಗ್ರಿ ಮುಗಿಸಿ ಬಂದವರೇನೂ ಕಮ್ಮಿಯಿಲ್ಲ. ಡ್ಯೂಟಿ ಮುಗಿಸಿ ರೂಮಿಗೆ ಬಂದು ಮೊಬೈಲ್ ನೋಡಿದ್ರೆ ‘ಕೆಲಸ ಬಿಡದೆ ಮಾಸ್ಟರ್ ಡಿಗ್ರಿ ಮಾಡಿ’ ಅನ್ನೋ ಜಾಹೀರಾತು. ಅತ್ತ ಊರಲ್ಲಿ ಓದುತ್ತಿರುವ ಮಗನೋ ಮಗಳೋ ಫೋನ್ ಮಾಡಿ ‘ಕ್ರಿಮಿನಾಲಜಿ ತಗೊಳ್ಲಾ ಅಪ್ಪಾ?’ ಅಂತ ಕೇಳ್ತಾರೆ. ವಿಷಯ ಒಳ್ಳೆಯದೇ. ಆದ್ರೆ ಈ ಪದವಿ ಯಾವ ಕೆಲಸಕ್ಕೆ ಆಗುತ್ತೆ, ಯಾವುದಕ್ಕೆ ಆಗೋದಿಲ್ಲ ಅಂತ ತಿಳಿಯದೆ ಸೇರಿದ್ರೆ ಎರಡು ವರ್ಷದ ಉಳಿತಾಯ ನೀರಲ್ಲಿ ಹೋಮ ಮಾಡಿದಂತೆ.

ಇದರಲ್ಲಿ ಓದೋದು ಏನು?

ಅಪರಾಧ ನಡೆದಲ್ಲಿಂದ ಹಿಡಿದು ಶಿಕ್ಷೆ ಮುಗಿಸಿದವನು ಮನೆಗೆ ಮರಳುವವರೆಗಿನ ಇಡೀ ವ್ಯವಸ್ಥೆಯ ಅಧ್ಯಯನ ಇದು. ಪೊಲೀಸ್ ತನಿಖೆ, ಸರ್ಕಾರಿ ವಕೀಲರ ಕೆಲಸ, ಕೋರ್ಟು, ಜೈಲು, ಪುನರ್ವಸತಿ, ನೊಂದವರ ಹಕ್ಕು, ಸೈಬರ್ ಅಪರಾಧ ಎಲ್ಲವೂ ಬರುತ್ತವೆ.

ಒಂದು ಉದಾಹರಣೆ ನೋಡಿ. ನಮ್ಮ ದೇಶದ ಜೈಲುಗಳಲ್ಲಿ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ವಿಚಾರಣಾಧೀನ ಕೈದಿಗಳು, ಅಂದ್ರೆ ಅಪರಾಧ ಇನ್ನೂ ಸಾಬೀತಾಗದವರು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಮೊದಲ ಸಲ ಆರೋಪಿಯಾದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಜೈಲಲ್ಲೇ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಗಲ್ಲು, ಜೀವಾವಧಿ ಶಿಕ್ಷೆಯ ಕೇಸುಗಳು ಇದಕ್ಕೆ ಸೇರಲ್ಲ, ಒಂದಕ್ಕಿಂತ ಹೆಚ್ಚು ಕೇಸಿದ್ದವರಿಗೂ ಇದು ಅನ್ವಯಿಸಲ್ಲ. ಕಾನೂನು ಹೀಗಿದ್ದರೂ ಜನ ಯಾಕೆ ಒಳಗೇ ಉಳೀತಾರೆ, ಎಲ್ಲಿ ಫೈಲು ನಿಲ್ಲುತ್ತೆ ಅಂತ ಹುಡುಕುವುದೇ ಈ ವಿಷಯದ ಜೀವಾಳ.

ಎಲ್ಲಿ ಓದಬಹುದು?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ. ಮಂಗಳೂರಿನ ರೋಶನಿ ನಿಲಯದಲ್ಲೂ ಈ ವಿಷಯದ ಸ್ನಾತಕೋತ್ತರ ಕೋರ್ಸ್ ಇದೆ. ಗುಜರಾತಿನ ಗಾಂಧಿನಗರದಲ್ಲಿ ಮುಖ್ಯ ಕಚೇರಿಯಿರುವ ಎರಡು ಕೇಂದ್ರ ಸಂಸ್ಥೆಗಳು ನಮ್ಮ ರಾಜ್ಯಕ್ಕೂ ಬಂದಿವೆ: ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲಿ, ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ್ದು ಶಿವಮೊಗ್ಗದಲ್ಲಿ.

ದೂರಶಿಕ್ಷಣದಲ್ಲಿ ಇಗ್ನೋ ಕ್ರಿಮಿನಲ್ ಜಸ್ಟಿಸ್‌ನಲ್ಲಿ ಪಿಜಿ ಡಿಪ್ಲೊಮಾ ನಡೆಸುತ್ತೆ. ಯಾವುದೇ ಡಿಗ್ರಿ ಆದವರು ಸೇರಬಹುದು. ಆದ್ರೆ ಇದು ಡಿಪ್ಲೊಮಾ, ಎಂಎ ಅಲ್ಲ. ವಿದೇಶದಲ್ಲಿರುವವರಿಗೆ ಪ್ರವೇಶ ಇದೆಯಾ, ಪರೀಕ್ಷೆ ಬರೆಯೋಕೆ ಊರಿಗೆ ಹೋಗಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ರಜೆ, ಟಿಕೆಟಿನ ಖರ್ಚು ಕೂಡ ಫೀಸಿನ ಲೆಕ್ಕಕ್ಕೇ ಸೇರಬೇಕು.

ಇದರಿಂದ ಆಗದೇ ಇರೋದು

ಮೊದಲನೆಯದು, ಈ ಪದವಿಯಿಂದ ವಕೀಲರಾಗಲು ಆಗೋದಿಲ್ಲ. ಅದಕ್ಕೆ ಎಲ್‌ಎಲ್‌ಬಿ ಬೇಕು. ಅದನ್ನೂ ಕಾಲೇಜಿಗೆ ಹೋಗಿಯೇ ಓದಬೇಕು, ದೂರಶಿಕ್ಷಣದ ಎಲ್‌ಎಲ್‌ಬಿಯನ್ನು ಬಾರ್ ಕೌನ್ಸಿಲ್ ಒಪ್ಪೋದಿಲ್ಲ. ಸರ್ಕಾರಿ ಅಭಿಯೋಜಕರ ಹುದ್ದೆಗೂ ಕಾನೂನು ಪದವಿಯೇ ಬೇಕು.

ಎರಡನೆಯದು, ಪೊಲೀಸ್ ಕೆಲಸ. ರಾಜ್ಯದಲ್ಲಿ ಪಿಎಸ್‌ಐ ಆಗಲು ಯಾವುದೇ ಪದವಿ ಸಾಕು, ಆದ್ರೆ ಲಿಖಿತ ಪರೀಕ್ಷೆ, ದೈಹಿಕ ಪರೀಕ್ಷೆ, ವಯೋಮಿತಿ ಎಲ್ಲ ದಾಟಬೇಕು. ಎಂಎ ಇದೆ ಅಂತ ಯಾರೂ ನೇರವಾಗಿ ತಗೊಳ್ಳೋದಿಲ್ಲ.

ಮೂರನೆಯದು, ಲ್ಯಾಬ್ ಕೆಲಸ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಅಂತ ಹೊಸ ಸಂಹಿತೆ ಹೇಳುತ್ತೆ. ಇದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷ ಸಮಯವಿದೆ. ಹಾಗಾಗಿ ತಜ್ಞರು ಬೇಕಾಗ್ತಾರೆ ನಿಜ. ಆದ್ರೆ ಅದು ವಿಜ್ಞಾನ ಓದಿದವರ ಕೆಲಸ. ಬಿಎ, ಬಿಕಾಂ ಆದವರು ಆ ಆಸೆಯಿಂದ ಸೇರಬೇಡಿ.

ಹಾಗಾದ್ರೆ ಪ್ರಯೋಜನ?

ಜೈಲು ಸುಧಾರಣೆ, ಮಕ್ಕಳ ರಕ್ಷಣೆ, ಕೌನ್ಸೆಲಿಂಗ್ ನಡೆಸುವ ಸಂಸ್ಥೆಗಳಲ್ಲಿ, ಕಂಪನಿಗಳ ವಂಚನೆ ತನಿಖೆ ಮತ್ತು ಭದ್ರತಾ ವಿಭಾಗಗಳಲ್ಲಿ ಈ ಓದು ನೆರವಾಗುತ್ತೆ. ಪಾಠ ಮಾಡುವ ಆಸೆ ಇದ್ದವರಿಗೆ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಕ್ರಿಮಿನಾಲಜಿ ಪ್ರತ್ಯೇಕ ವಿಷಯವಾಗಿದೆ. ಗಲ್ಫ್‌ನಲ್ಲಿ ಗಾರ್ಡ್‌ನಿಂದ ಸೂಪರ್‌ವೈಸರ್, ಮ್ಯಾನೇಜರ್ ಹಂತಕ್ಕೆ ಹೋಗುವಾಗ ಪದವಿ ಸಹಾಯಕ್ಕೆ ಬರಬಹುದು. ಆದ್ರೆ ದುಬೈಯಲ್ಲಿ ‘ಸಿರಾ’ ತರಬೇತಿ, ಲೈಸೆನ್ಸ್ ಇಲ್ಲದೆ ಸೆಕ್ಯುರಿಟಿ ಕೆಲಸವೇ ಇಲ್ಲ.

ಇನ್ನೊಂದು ಉಪಯೋಗ ಸಂಬಳಕ್ಕೆ ಸಂಬಂಧಿಸಿದ್ದಲ್ಲ. ನಮ್ಮವರು ಯಾರಾದ್ರೂ ಇಲ್ಲಿ ಕೇಸಿನಲ್ಲಿ ಸಿಕ್ಕಿಬಿದ್ದರೆ ಮೊದಲು ಓಡಿಹೋಗೋದು ಸಂಘದವರೇ. ಸೌದಿ (2010), ಯುಎಇ (2011) ಜೊತೆ ಭಾರತ ಮಾಡಿಕೊಂಡ ಒಪ್ಪಂದದಂತೆ, ಶಿಕ್ಷೆಯಾದ ಭಾರತೀಯರು ಉಳಿದ ಅವಧಿಯನ್ನು ಊರಿನ ಜೈಲಲ್ಲೇ ಕಳೆಯಲು ಅರ್ಜಿ ಹಾಕಬಹುದು. ಕೈದಿಯ ಒಪ್ಪಿಗೆ, ಎರಡೂ ಸರ್ಕಾರಗಳ ಒಪ್ಪಿಗೆ ಬೇಕು. ಇಂಥ ದಾರಿ ಗೊತ್ತಿದ್ದು ಕಾಗದಪತ್ರ ಓದಬಲ್ಲವರು ಸಂಘದಲ್ಲಿ ಒಬ್ಬರಿದ್ದರೂ ಒಂದು ಕುಟುಂಬಕ್ಕೆ ದೊಡ್ಡ ಆಸರೆ.

ದುಡ್ಡು ಕೊಡುವ ಮೊದಲು

• ದೂರಶಿಕ್ಷಣ ಅಥವಾ ಆನ್‌ಲೈನ್ ಆದರೆ, ಆ ವಿಶ್ವವಿದ್ಯಾಲಯಕ್ಕೆ ಆ ಕೋರ್ಸಿಗೆ ಆ ವರ್ಷ ಯುಜಿಸಿ ದೂರಶಿಕ್ಷಣ ವಿಭಾಗದ ಅನುಮತಿ ಇದೆಯಾ ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿಯೇ ಪ್ರಕಟಿಸುತ್ತೆ.

• ಸಿಲಬಸ್ ಕೇಳಿ. ಇನ್ನೂ ಹಳೆಯ ಐಪಿಸಿಯಲ್ಲೇ ನಿಂತಿದ್ದರೆ ಯೋಚಿಸಿ. ಈಗ ಇರೋದು ಭಾರತೀಯ ನ್ಯಾಯ ಸಂಹಿತೆ.

• ವಿದೇಶಿ ವಿಶ್ವವಿದ್ಯಾಲಯದ ಪದವಿಯಾದರೆ, ಊರಲ್ಲಿ ಅದಕ್ಕೆ ತತ್ಸಮಾನ ಮಾನ್ಯತೆ ಸಿಗುತ್ತಾ ಅಂತ ಸೇರುವ ಮೊದಲೇ ಖಚಿತ ಮಾಡಿಕೊಳ್ಳಿ.

• ಸರ್ಟಿಫಿಕೇಟ್ ಇಲ್ಲಿ ನಡೆಯಬೇಕಾದ್ರೆ ದೃಢೀಕರಣ ಬೇಕು. ಸೌದಿ, ಒಮಾನ್, ಬಹರೈನ್‌ಗೆ ಅಪೋಸ್ಟಿಲ್ ಮುದ್ರೆ. ಯುಎಇಗೆ ನಮ್ಮ ವಿದೇಶಾಂಗ ಸಚಿವಾಲಯದ ನಂತರ ಅವರ ರಾಯಭಾರ ಕಚೇರಿಯ ಮುದ್ರೆಯೂ ಆಗಬೇಕು.

• ‘ಪರೀಕ್ಷೆ ಬೇಡ, ಹಿಂದಿನ ವರ್ಷದ ತಾರೀಕು ಹಾಕಿ ಕೊಡ್ತೇವೆ’ ಅನ್ನೋ ಏಜೆಂಟರಿಂದ ದೂರವಿರಿ. ನಕಲಿ ಸರ್ಟಿಫಿಕೇಟ್ ಸಿಕ್ಕಿಬಿದ್ದರೆ ಏಜೆಂಟ್ ಫೋನ್ ಎತ್ತೋದಿಲ್ಲ. ಕೇಸು, ಜೈಲು, ಗಡಿಪಾರು ಎಲ್ಲ ಅದನ್ನು ಕೊಟ್ಟ ಕೆಲಸಗಾರನ ತಲೆಗೇ ಬರುತ್ತೆ.

ಯಾವ ಹುದ್ದೆಗಾಗಿ ಓದ್ತಿದ್ದೀರಿ ಅಂತ ಮೊದಲು ತೀರ್ಮಾನಿಸಿ. ಆ ಹುದ್ದೆಯ ಇತ್ತೀಚಿನ ನೇಮಕಾತಿ ಪ್ರಕಟಣೆ ತೆಗೆದು, ಕೇಳಿರುವ ವಿದ್ಯಾರ್ಹತೆಯ ಸಾಲನ್ನು ಓದಿ. ಅದರಲ್ಲಿ ಈ ಪದವಿಯ ಹೆಸರಿದ್ದರೆ ಧೈರ್ಯವಾಗಿ ಫೀಸು ಕಟ್ಟಿ.