ಗೆಲಾಕ್ಸಿಗಳ ಘರ್ಷಣೆಯಲ್ಲಿ ಹಿಂದುಳಿದ ಅನಿಲ

ಗೆಲಾಕ್ಸಿಗಳ ನಡುವಿನ ಆಕಾಶ ಬರಿದು ಎಂಬುದು ಕಣ್ಣಿನ ತೀರ್ಪು. ಅದು ತಪ್ಪೆಂದು ಅರಿಯಲು ವಿಜ್ಞಾನಿಗಳು ವಾತಾವರಣವನ್ನು ದಾಟಬೇಕಾಯಿತು. ಕ್ಷ-ಕಿರಣಗಳನ್ನು ವಾತಾವರಣ ಹೀರಿಕೊಳ್ಳುವುದರಿಂದ ಅವು ನೆಲದ ಮೇಲಿನ ದೂರದರ್ಶಕಗಳಿಗೆ ದಕ್ಕುವುದಿಲ್ಲ. 1970ರಲ್ಲಿ ಕಕ್ಷೆ ಸೇರಿದ ‘ಉಹುರು’ ಉಪಗ್ರಹವು ಗೆಲಾಕ್ಸಿ ಗುಚ್ಛಗಳು ಕ್ಷ-ಕಿರಣಗಳನ್ನು ಸೂಸುತ್ತಿರುವುದನ್ನು ತೋರಿಸಿತು. ಅವುಗಳ ಮೂಲ ಗೆಲಾಕ್ಸಿಗಳ ನಡುವೆ ಹರಡಿಕೊಂಡಿರುವ ಬಿಸಿ ಅನಿಲವೆಂಬುದು ಕ್ರಮೇಣ ಖಚಿತವಾಯಿತು.

ಈ ಅನಿಲ ವಿಚಿತ್ರವಾದುದು. ಉಷ್ಣತೆ ಕೋಟಿಗಟ್ಟಲೆ ಡಿಗ್ರಿ. ಆದರೆ ಒಂದು ಘನ ಮೀಟರಿನಲ್ಲಿರುವುದು ಸಾವಿರದ ಆಸುಪಾಸಿನ ಕಣಗಳಷ್ಟೇ. ನಮ್ಮ ಪ್ರಯೋಗಶಾಲೆಗಳ ನಿರ್ವಾತಕ್ಕಿಂತಲೂ ಅದು ವಿರಳ. ಆದರೂ ಅದು ವ್ಯಾಪಿಸಿರುವ ವಿಸ್ತಾರ ಎಷ್ಟು ಅಗಾಧವೆಂದರೆ, ದೊಡ್ಡ ಗುಚ್ಛವೊಂದರ ಅನಿಲವನ್ನೆಲ್ಲ ಕೂಡಿಸಿದರೆ ಅಲ್ಲಿನ ನಕ್ಷತ್ರಗಳ ಒಟ್ಟು ದ್ರವ್ಯಕ್ಕಿಂತ ಅನೇಕ ಪಟ್ಟು ಹೆಚ್ಚಾಗುತ್ತದೆ.

ಎರಡು ಗುಚ್ಛಗಳು ಡಿಕ್ಕಿ ಹೊಡೆದರೆ ಏನಾದೀತು? ದಕ್ಷಿಣಾಕಾಶದ ಕರೀನಾ ನಕ್ಷತ್ರಪುಂಜದ ದಿಕ್ಕಿನಲ್ಲಿ, ಮುನ್ನೂರು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ ಇರುವ ‘ಬುಲೆಟ್ ಗುಚ್ಛ’ ಇದಕ್ಕೆ ಉತ್ತರ ನೀಡಿದೆ. ಅಲ್ಲಿ ಸಣ್ಣ ಗುಚ್ಛವೊಂದು ದೊಡ್ಡದನ್ನು ಭೇದಿಸಿಕೊಂಡು ಹೊರಬಂದಿದೆ. ಗೆಲಾಕ್ಸಿಗಳ ನಡುವಿನ ಅಂತರ ಅಪಾರವಾದ್ದರಿಂದ ಅವು ಪರಸ್ಪರ ತಾಕದೆ ಮುಂದೆ ಸಾಗಿದವು. ಎರಡೂ ಕಡೆಯ ಅನಿಲ ಮಾತ್ರ ಒಂದನ್ನೊಂದು ತಡೆದು, ಕಾದು, ಹಿಂದುಳಿಯಿತು. ಚಂದ್ರ ದೂರದರ್ಶಕದ ಕ್ಷ-ಕಿರಣ ಚಿತ್ರದಲ್ಲಿ ಈ ಅನಿಲ ಗುಂಡಿನ ಆಕಾರದಲ್ಲಿ ಕಾಣುತ್ತದೆ. ಶಬ್ದಾತೀತ ವಿಮಾನದ ಮುಂದಿರುವಂತಹ ಆಘಾತ ತರಂಗವೂ ಅದರ ಮುಂದಿದೆ.

ನಿಜವಾದ ಪ್ರಶ್ನೆ ಇರುವುದು ಇಲ್ಲಿಯೇ. ಗುಚ್ಛಗಳಲ್ಲಿ ಕಾಣದ ದ್ರವ್ಯವಿರಬೇಕೆಂದು 1933ರಲ್ಲಿ ಫ್ರಿಟ್ಜ್ ಜ್ವಿಕಿ ವಾದಿಸಿದ್ದರು. ಹಾಗಲ್ಲ, ಗುರುತ್ವದ ನಿಯಮವನ್ನೇ ತಿದ್ದಬೇಕೆಂದು 1983ರಲ್ಲಿ ಮಿಲ್‌ಗ್ರೋಮ್ ಸೂಚಿಸಿದರು. ಕಾಣದ ದ್ರವ್ಯವೇ ಇಲ್ಲವೆಂದಾದರೆ, ಬುಲೆಟ್ ಗುಚ್ಛದ ಗುರುತ್ವ ಅನಿಲವಿರುವೆಡೆಯೇ ಪ್ರಬಲವಾಗಿರಬೇಕು. ಕಾಣುವ ದ್ರವ್ಯದ ಬಹುಪಾಲು ಅದೇ ತಾನೆ? ಹಿನ್ನೆಲೆಯ ಗೆಲಾಕ್ಸಿಗಳ ಬೆಳಕು ಎಷ್ಟು ಬಾಗಿದೆ ಎಂಬುದನ್ನು ಅಳೆದು ಗುರುತ್ವದ ನಕ್ಷೆ ರಚಿಸಿದ ಡಗ್ಲಾಸ್ ಕ್ಲೋ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಆಗಿತ್ತು. ಗುರುತ್ವದ ಶಿಖರಗಳು ಅನಿಲವನ್ನು ತೊರೆದು ಗೆಲಾಕ್ಸಿಗಳ ಜೊತೆಗಿದ್ದವು. ಅಂದರೆ, ಗುಚ್ಛದ ಹೆಚ್ಚಿನ ದ್ರವ್ಯ ಕಾಣದಂಥದ್ದು; ಘರ್ಷಣೆಯಲ್ಲೂ ತಡೆಯಿಲ್ಲದೆ ಹಾದುಹೋಗುವಂಥದ್ದು. ಗುರುತ್ವವನ್ನು ತಿದ್ದುವವರ ವಾದ ಇದರಿಂದ ಮುಗಿದುಹೋಗಲಿಲ್ಲವಾದರೂ ಅದರ ದಾರಿ ಬಹಳ ಕಿರಿದಾಯಿತು.

ಇನ್ನೂ ಡಿಕ್ಕಿ ಹೊಡೆಯದ ಗುಚ್ಛಗಳೂ ಪಾಠ ಹೇಳುತ್ತವೆ. ಏಬೆಲ್ 399 ಮತ್ತು 401 ಎಂಬ ಜೋಡಿಯ ನಡುವೆ ಸುಮಾರು ಒಂದು ಕೋಟಿ ಜ್ಯೋತಿರ್ವರ್ಷ ಉದ್ದದ ಅನಿಲ ಸೇತುವೆಯಿರುವುದನ್ನು 2012ರಲ್ಲಿ ಪ್ಲಾಂಕ್ ಉಪಗ್ರಹದ ತಂಡ ಪ್ರಕಟಿಸಿತು. ಹಳೆಯ ಕ್ಷ-ಕಿರಣ ದಾಖಲೆಗಳನ್ನು ಜೋಡಿಸಿ ನೋಡಿದಾಗ ಅದರ ಉಷ್ಣತೆ ಸುಮಾರು ಎಂಟು ಕೋಟಿ ಡಿಗ್ರಿ ಎಂದು ತಿಳಿಯಿತು.

ಭಾರತ ಮೂಲದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತ ಚಂದ್ರ ದೂರದರ್ಶಕ 1999ರಲ್ಲಿ ಐದು ವರ್ಷಗಳ ಅವಧಿಗೆಂದು ಹಾರಿತು. ಎರಡು ದಶಕ ಮೀರಿಯೂ ದುಡಿಯಿತು. 2024ರಲ್ಲಿ ಅದರ ಅನುದಾನವನ್ನು ತೀವ್ರವಾಗಿ ಕಡಿತಗೊಳಿಸುವ ಪ್ರಸ್ತಾವ ಬಂದಾಗ ಖಗೋಳ ವಿಜ್ಞಾನಿಗಳು ಪ್ರತಿಭಟಿಸಿದ್ದು ಸಹಜವೇ. ಕಾಣದ ದ್ರವ್ಯದ ಕಣ ಯಾವ ಪ್ರಯೋಗಶಾಲೆಯಲ್ಲೂ ಇನ್ನೂ ಸಿಕ್ಕಿಲ್ಲ. ವಿಶ್ವದ ಬಹುಪಾಲು ದ್ರವ್ಯ ಏನೆಂಬುದೇ ತಿಳಿಯದಿರುವಾಗ, ಅದರ ಸುಳಿವು ಕೊಟ್ಟ ಕಣ್ಣನ್ನು ಮುಚ್ಚುವುದು ಮಿತವ್ಯಯವೆನಿಸದು.