ತಿರುಪಿನ ಬಿಗಿ

ಬಿಗಿದಷ್ಟೂ ಭದ್ರವೆಂಬ ನಂಬಿಕೆ ತಾಮ್ರದ ತಂತಿಯಲ್ಲಿ ಕೆಲಮಟ್ಟಿಗೆ ಸಂದೀತು. ಅಲ್ಯೂಮಿನಿಯಂ ತಂತಿಯಲ್ಲಿ ಸಲ್ಲದು. 1960ರ ದಶಕದಲ್ಲಿ ತಾಮ್ರದ ಬೆಲೆ ಏರಲು, ಅಮೆರಿಕದ ಅಸಂಖ್ಯ ಮನೆಗಳಿಗೆ ಅಲ್ಯೂಮಿನಿಯಂ ತಂತಿ ಎಳೆದು, ತಾಮ್ರಕ್ಕೊಪ್ಪುವ ತಿರುಪುಗಳಿಂದಲೇ ಬಿಗಿದರು. ಈ ಲೋಹವೋ ಮೃದು. ಒತ್ತಡಕ್ಕೆ ಮೆಲ್ಲಮೆಲ್ಲನೆ ಸರಿಯುತ್ತದೆ. ಕಾದಾಗ ತಾಮ್ರಕ್ಕಿಂತ ಮಿಗಿಲಾಗಿ ಹಿಗ್ಗುತ್ತದೆ. ತಣಿದಾಗ ಹಿಡಿತ ಸಡಿಲಿರುತ್ತದೆ. ಆ ಸಂದಿನಲ್ಲಿ ವಿದ್ಯುತ್ತನ್ನು ತಡೆಯುವ ಆಕ್ಸೈಡಿನ ಪೊರೆ ಕಟ್ಟುತ್ತದೆ. ತಡೆಯಿಂದ ಕಾವು, ಕಾವಿನಿಂದ ಮತ್ತಷ್ಟು ಸಡಿಲು, ಕಡೆಗೆ ಗೋಡೆಯೊಳಗೆ ಬೆಂಕಿ. 1974ರಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾಂಪ್ಟನ್ ಬೇಸ್‌ನಲ್ಲಿ ಇಂಥದೊಂದು ಬೆಂಕಿಗೆ ಇಬ್ಬರು ಬಲಿಯಾದರು.

“ಇನ್ನೊಂದು ಸುತ್ತು ತಿರುಗಿಸಯ್ಯ” ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿಲ್ಲ! ಆ ಒಂದು ಸುತ್ತಿನಿಂದ ತಂತಿ ಚಪ್ಪಟೆಯಾದೀತೇ ಹೊರತು ಹಿಡಿತ ಬಲಿಯದು. ಪೊರೆಯನ್ನು ಉಜ್ಜಿ, ಅದು ಮರಳಿ ಕಟ್ಟದಂತೆ ಲೇಪ ಹಚ್ಚಿ, ಆ ಲೋಹಕ್ಕೆಂದೇ ಮಾಡಿದ ತಿರುಪನ್ನು ತಯಾರಕರು ಹೇಳಿದ ಅಳತೆಗೆ ಬಿಗಿಯಬೇಕು. ತಾಮ್ರದೊಡನೆ ಕೂಡಿಸುವಲ್ಲಿ ಎರಡು ಲೋಹಗಳ ಲಗ್ಗು ನಡುವೆ ಇರಬೇಕು.