ಅಜ್ಜನ ಹೆಸರಿನ ಪಹಣಿ, ಮೊಮ್ಮಕ್ಕಳ ಬೇಸಾಯ

ಆಟಿಯ ಮಳೆ ಎಡೆಬಿಡದೆ ಸುರಿಯುವಾಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಚಿಂತೆ. ಮೈಲುತುತ್ತು, ಸುಣ್ಣಗಳನ್ನು ತರಬೇಕು. ಮಳೆ ಹೊಳವಾದಾಗ ಮರವೇರಿ ಔಷಧಿ ಸಿಂಪಡಿಸುವವರನ್ನು ಹುಡುಕಬೇಕು. ಅಂತಹ ಹೊತ್ತಿನಲ್ಲಿ ಸರಕಾರದಿಂದ ಬ್ಯಾಂಕಿನ ಖಾತೆಗೆ ಬಂದು ಬೀಳುವ ಎರಡು ಸಾವಿರ ರೂಪಾಯಿ ದೊಡ್ಡ ತೋಟದವರಿಗೆ ಅಲ್ಪವೆನಿಸಬಹುದು. ಅರ್ಧ ಎಕರೆಯ ಮನೆಗೆ ಅದು ಅಲ್ಪವಲ್ಲ.

ಕೇಂದ್ರ ಸರಕಾರದ ಕಿಸಾನ್ ಸಮ್ಮಾನ್ ನಿಧಿಯು 2019ರ ಫೆಬ್ರವರಿ 24ರಂದು ಉದ್ಘಾಟನೆಗೊಂಡಿತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ. ಮೊದಲು ಎರಡು ಹೆಕ್ಟೇರ್‌ವರೆಗಿನ ಹಿಡುವಳಿದಾರರಿಗೆ ಮಾತ್ರ ಇದ್ದ ಈ ನೆರವು ಅದೇ ವರ್ಷ ಎಲ್ಲ ಭೂಹಿಡುವಳಿದಾರ ಕುಟುಂಬಗಳಿಗೂ ವಿಸ್ತರಿಸಿತು. ನಮ್ಮ ರಾಜ್ಯ ಸರಕಾರವು ಆಗ ಸೇರಿಸಿದ್ದ 4,000 ರೂಪಾಯಿ 2023ರಲ್ಲಿ ನಿಂತುಹೋಯಿತು.

ಈ ಹಣ ಬರುವುದು ದುಡಿಮೆಯನ್ನು ನೋಡಿ ಅಲ್ಲ, ಪಹಣಿಯಲ್ಲಿರುವ ಹೆಸರನ್ನು ನೋಡಿ. ತೊಡಕು ಇರುವುದು ಇಲ್ಲಿಯೇ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ನಮ್ಮ ಜಿಲ್ಲೆಯ ಎಷ್ಟೋ ಗೇಣಿದಾರರು ಭೂಮಿಯ ಒಡೆಯರಾದರು. ಡಿಕ್ಲರೇಶನ್ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ನಿಂತು ಆ ಹಿರಿಯರು ತಮ್ಮ ಹೆಸರನ್ನು ಪಹಣಿಗೆ ತಂದರು. ಅಂತಹ ಒಂದು ಮನೆಯನ್ನು ಎಣಿಸಿಕೊಳ್ಳೋಣ. ಅಜ್ಜ ತೀರಿಹೋಗಿ ವರ್ಷಗಳು ಕಳೆದಿವೆ. ಮಗನೂ ಇಲ್ಲ. ತೋಟ ನೋಡಿಕೊಳ್ಳುತ್ತಿರುವವಳು ಸೊಸೆ. ಪಹಣಿಯಲ್ಲಿ ಮಾತ್ರ ಇಂದಿಗೂ ಅಜ್ಜನ ಹೆಸರು. ಅಂದು ಮನೆಗೆ ಭೂಮಿಯನ್ನು ತಂದ ಹೆಸರೇ ಇಂದು ನೆರವಿಗೆ ಅಡ್ಡವಾಗಿ ನಿಂತಿದೆ! ಕಂತಿನ ಹಣವಷ್ಟೇ ಅಲ್ಲ, ಬೆಳೆ ವಿಮೆಗೂ ಬೆಳೆ ಸಾಲಕ್ಕೂ ಆಕೆ ಪರದಾಡಬೇಕು.

ಹೀಗೇಕೆ ಆಗುತ್ತದೆ? ಹೆಸರು ಬದಲಿಸಹೊರಟರೆ ಪಾಲಿನ ಮಾತು ಬರುತ್ತದೆ, ಅಣ್ಣತಮ್ಮಂದಿರಲ್ಲಿ ಮನಸ್ತಾಪವಾಗುತ್ತದೆ, ಕೊಟ್ಟ ಹೆಣ್ಣುಮಕ್ಕಳು ಹಕ್ಕು ಕೇಳುತ್ತಾರೆ ಎಂಬ ಅಂಜಿಕೆಯೇ ಬಹುಮಟ್ಟಿಗೆ ಕಾರಣ. 2005ರ ತಿದ್ದುಪಡಿಯ ಬಳಿಕ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕುಂಟು. ಮೌನದಿಂದ ಅದು ಅಳಿಯದು. ಕಾಯಕಕ್ಕೆ ಹೆಣ್ಣುಗಂಡೆಂಬ ಭೇದವೆಣಿಸದ ಶರಣರನ್ನು ನೆನೆಯುವ ನಾವು ಪಹಣಿಯ ಮುಂದೆ ಮಾತ್ರ ಆ ಭೇದವನ್ನು ಎಣಿಸುವುದು ತರವೇ?

ದಾರಿ ಕಠಿಣವಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷಗಳೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಬೇಕು. ಪಾಲುಪಟ್ಟಿ ಆಗದಿದ್ದರೂ ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಖಾತೆ ಮಾಡಿಸಿಕೊಳ್ಳಬಹುದು. ಅನಂತರ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನೋಂದಣಿ, ಬ್ಯಾಂಕಿನಲ್ಲಿ ಆಧಾರ್ ಜೋಡಣೆ, ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಇ-ಕೆವೈಸಿ. ಇವುಗಳಲ್ಲಿ ಒಂದು ತಪ್ಪಿದರೂ ಕಂತು ನಿಲ್ಲುವುದುಂಟು.

ಇನ್ನೊಂದು ಮಾತನ್ನೂ ಹೇಳಬೇಕು. ಆದಾಯ ತೆರಿಗೆ ಕಟ್ಟುವವರು, ಕೆಳದರ್ಜೆಯ ನೌಕರರನ್ನುಳಿದ ಸರಕಾರಿ ನೌಕರರು, ತಿಂಗಳಿಗೆ 10,000 ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟು ನಿವೃತ್ತಿ ವೇತನ ಪಡೆಯುವವರು, ವೃತ್ತಿನಿರತ ವೈದ್ಯರು, ವಕೀಲರು ಈ ನೆರವಿಗೆ ಅರ್ಹರಲ್ಲ. ತಿಳಿದೋ ತಿಳಿಯದೆಯೋ ಪಡೆದವರು ಮರಳಿಸುವುದೇ ಲೇಸು. ಸಲ್ಲದ ಹಣ ಯಾವ ಮನೆಯಲ್ಲೂ ನೆಲೆ ನಿಲ್ಲದು. ಇತ್ತ ಬಾಯಿಮಾತಿನ ಗೇಣಿಯಲ್ಲಿ ಗದ್ದೆ ಮಾಡುವ ಬಡವನಿಗೆ, ಸ್ವಂತ ಭೂಮಿಯಿಲ್ಲದ ಕಾರಣಕ್ಕೆ, ಈ ಯೋಜನೆಯಲ್ಲಿ ಇಂದಿಗೂ ಸ್ಥಾನವಿಲ್ಲ. ಇದು ಸರಕಾರವು ಯೋಚಿಸಬೇಕಾದ ಕೊರತೆ.

ಸರಕಾರದ ಕೊರತೆಯನ್ನು ಸರಕಾರವೇ ನೀಗಲಿ. ನಮ್ಮ ಮನೆಯ ಕೊರತೆಯನ್ನು ನೀಗುವುದು ನಮ್ಮ ಕೈಯಲ್ಲಿದೆ. ಮುಂದಿನ ಬಾರಿ ಹಬ್ಬಕ್ಕೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂಡಿದಾಗ, ಊಟವಾದ ಮೇಲೆ ಪಹಣಿಯನ್ನು ನಡುವಿಟ್ಟು ಒಮ್ಮೆ ಓದಿರಿ. ತೋಟದಲ್ಲಿ ದುಡಿಯುತ್ತಿರುವವರ ಹೆಸರು ಅದರಲ್ಲಿದೆಯೇ ಎಂದು ನೋಡಿರಿ. ಇಲ್ಲವಾದರೆ, ಹಿರಿಯರು ಬದುಕಿರುವಾಗಲೇ, ಪ್ರೀತಿ ಉಳಿದಿರುವಾಗಲೇ ಆ ಕೆಲಸವನ್ನು ಮುಗಿಸಿರಿ.